ಬೀಗ ಹಾಕಿದ ಮಾತು, ಸರ್ಕಾರ ಕೇಳುವ ಹಿಂಬಾಗಿಲು

ಕೇರಳದ ಗಡಿಗೆ ಹೊಂದಿಕೊಂಡಿರುವ ಸುಳ್ಯ ತಾಲ್ಲೂಕಿನ ಅಜ್ಜಾವರದಂಥ ಗ್ರಾಮದಲ್ಲಿಯೂ ಇಂದು ಅಡಿಕೆಯ ಧಾರಣೆ, ಸೊಸೈಟಿಯ ಸಾಲದ ನೋಟಿಸು, ವೈದ್ಯರ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕದ ಚಿತ್ರ, ಮದುವೆಯ ಮಾತುಕತೆಗೆ ಬೇಕಾದ ಜಾತಕ ಎಲ್ಲವೂ ಮೊಬೈಲಿನ ಸಂದೇಶವಾಗಿ ಸಾಗುತ್ತವೆ. ಒಂದು ಕಾಲದಲ್ಲಿ ಮನೆಯ ಚಾವಡಿಯಲ್ಲಿ ಕೂತು ಆಡುತ್ತಿದ್ದ ಅಥವಾ ಇನ್‌ಲ್ಯಾಂಡ್ ಪತ್ರದ ಮಡಿಕೆಯೊಳಗೆ ಅಂಟಿಸಿ ಕಳುಹಿಸುತ್ತಿದ್ದ ಮಾತುಗಳೇ ಈಗ ಫೋನಿನ ಮೂಲಕ ಹೋಗುತ್ತಿರುವುದರಿಂದ, ಆ ಮಾತುಗಳಿಗೆ ಹಾಕಿರುವ ಬೀಗವನ್ನು ತೆರೆಯುವ ಅಧಿಕಾರ ಯಾರಿಗಿರಬೇಕು ಎಂಬ ಪ್ರಶ್ನೆ ಕೇವಲ ತಂತ್ರಜ್ಞರ ಪ್ರಶ್ನೆಯಾಗಿ ಉಳಿದಿಲ್ಲ. ಸಂದೇಶ ಸೇವೆಗಳ ಒಳಗೆ ತನಿಖಾ ಸಂಸ್ಥೆಗಳಿಗೆಂದೇ ಒಂದು ಗುಪ್ತ ದಾರಿಯನ್ನು ಇಟ್ಟಿರಬೇಕೆಂದು ಜಗತ್ತಿನ ಹಲವು ಸರ್ಕಾರಗಳು ಒತ್ತಾಯಿಸುತ್ತಿದ್ದು, ಅಂಥ ದಾರಿಯನ್ನು ತಂತ್ರಜ್ಞರು ಹಿಂಬಾಗಿಲು ಎಂದು ಕರೆಯುತ್ತಾರೆ. ಈ ಒತ್ತಾಯವನ್ನು ಬಲಪಡಿಸಿದ ಘಟನೆಗಳಲ್ಲಿ ಒಂದು ಕರ್ನಾಟಕದ್ದು, ಅದನ್ನು ಪ್ರಶ್ನಿಸಲು ಆಧಾರವಾದ ಸಾಂವಿಧಾನಿಕ ತೀರ್ಪಿನ ಅರ್ಜಿದಾರರು ಕರ್ನಾಟಕದವರು, ಮತ್ತು ಕದ್ದು ಕೇಳುವ ಅಧಿಕಾರ ದಾರಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಪ್ರಸಿದ್ಧವಾದ ರಾಜಕೀಯ ನಿದರ್ಶನವೂ ಕರ್ನಾಟಕದ್ದೇ.

ಮೊದಲು ಬೀಗದ ಸ್ವರೂಪವನ್ನು ತಿಳಿಯಬೇಕು. ಎನ್‌ಕ್ರಿಪ್ಷನ್ ಅಥವಾ ಗೂಢಲಿಪೀಕರಣ ಎಂದರೆ ಓದಬಲ್ಲ ಬರಹವನ್ನು ಗಣಿತದ ಸೂತ್ರವೊಂದರ ಮೂಲಕ ಅರ್ಥವಾಗದ ಅಂಕಿಗಳ ಸಾಲಾಗಿ ಬದಲಿಸುವ ಕ್ರಿಯೆ. ಅದನ್ನು ಮತ್ತೆ ಬರಹವಾಗಿಸಲು ಬೇಕಾದ ರಹಸ್ಯ ಸಂಖ್ಯೆಗೆ ಕೀಲಿ ಎಂದು ಹೆಸರು. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಒದಗಿಸಿದ, ಸಿಗ್ನಲ್ ಸಂಸ್ಥೆಯವರು ರೂಪಿಸಿದ ವಿಧಾನದಲ್ಲಿ ಈ ಕೀಲಿಗಳು ಕಂಪನಿಯ ಬಳಿ ಇರುವುದಿಲ್ಲ. ಪ್ರತಿ ಫೋನೂ ತನಗೆ ತಾನೇ ಒಂದು ಜೋಡಿ ಕೀಲಿಗಳನ್ನು ಸೃಷ್ಟಿಸಿಕೊಂಡು, ಒಂದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿ, ಇನ್ನೊಂದನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ; ಇಬ್ಬರು ಮಾತಾಡತೊಡಗಿದಾಗ ಎರಡೂ ಫೋನುಗಳು ತಮ್ಮ ಗುಪ್ತ ಕೀಲಿ ಮತ್ತು ಎದುರಿನವರ ಪ್ರಕಟಿತ ಕೀಲಿಗಳನ್ನು ಸೇರಿಸಿ ಲೆಕ್ಕ ಹಾಕಿ, ಎಲ್ಲಿಯೂ ಸಾಗಿಸದ ಒಂದೇ ರಹಸ್ಯ ಸಂಖ್ಯೆಗೆ ಬಂದು ಮುಟ್ಟುತ್ತವೆ. ಅಷ್ಟಕ್ಕೇ ನಿಲ್ಲದೆ ಪ್ರತಿ ಸಂದೇಶಕ್ಕೂ ಹೊಸ ಕೀಲಿ ಹುಟ್ಟಿ ಹಳೆಯದು ಅಳಿದುಹೋಗುವುದರಿಂದ, ಇಂದಿನ ಕೀಲಿ ಕಳ್ಳರ ಕೈಗೆ ಸಿಕ್ಕರೂ ಅದರಿಂದ ನಿನ್ನೆಯ ಮಾತನ್ನು ಬಿಚ್ಚಲಾಗದು. ವಾಟ್ಸ್‌ಆ್ಯಪಿನಲ್ಲಿ ಒಬ್ಬ ಪರಿಚಿತರ ವಿವರದ ಪುಟವನ್ನು ತೆರೆದು ಎನ್‌ಕ್ರಿಪ್ಷನ್ ಎಂಬಲ್ಲಿ ಒತ್ತಿದರೆ 60 ಅಂಕಿಗಳ ಒಂದು ಸಂಖ್ಯೆ ಕಾಣುತ್ತದೆ. ಅದೇ ಸಂಖ್ಯೆ ಎದುರಿನವರ ಫೋನಿನಲ್ಲಿಯೂ ಇದ್ದರೆ ನಡುವೆ ಮೂರನೆಯವರು ಸೇರಿಕೊಂಡಿಲ್ಲ ಎಂದರ್ಥ. ಕಳುಹಿಸುವವರ ಮತ್ತು ಪಡೆಯುವವರ ಫೋನುಗಳಲ್ಲಿ ಮಾತ್ರ ಬರಹ ಬರಹವಾಗಿದ್ದು, ದಾರಿಯುದ್ದಕ್ಕೂ ಅಂಕಿಗಳ ಸಾಲಾಗಿಯೇ ಇರುವ ಈ ವ್ಯವಸ್ಥೆಯನ್ನು ತುದಿಯಿಂದ ತುದಿಗೆ ಎನ್‌ಕ್ರಿಪ್ಷನ್ ಎನ್ನುತ್ತಾರೆ.

ಆದರೆ ಇಷ್ಟೆಲ್ಲ ಇದ್ದರೂ ವಾಟ್ಸ್‌ಆ್ಯಪ್ ಒಂದು ಕಂಪನಿಯ ಸೊತ್ತು. ಸಂದೇಶಗಳು ಅದರ ಸರ್ವರುಗಳನ್ನು, ಅಂದರೆ ಸಂದೇಶವನ್ನು ಪಡೆದು ಮುಂದಕ್ಕೆ ದಾಟಿಸುವ ದೊಡ್ಡ ಕಂಪ್ಯೂಟರುಗಳನ್ನು ಹಾದೇ ಹೋಗಬೇಕು, ಮತ್ತು ಯಾರು ಯಾರಿಗೆ ಯಾವಾಗ ಕಳುಹಿಸಿದರು ಎಂಬುದನ್ನು ತಿಳಿಯುವ ಸ್ಥಾನದಲ್ಲಿ ಆ ಕಂಪನಿ ಇರುತ್ತದೆ. ವಿಕೇಂದ್ರೀಕೃತ ಸಂದೇಶ ವ್ಯವಸ್ಥೆಗಳು ಈ ಮಧ್ಯಸ್ಥನನ್ನೇ ತೆಗೆದುಹಾಕುವ ಅಥವಾ ಹಲವರಲ್ಲಿ ಹಂಚುವ ಪ್ರಯತ್ನಗಳು. ಮ್ಯಾಟ್ರಿಕ್ಸ್ ಎಂಬ ಮುಕ್ತ ವಿಧಾನದಲ್ಲಿ ಕಾಲೇಜು, ಸಂಘ, ಕಚೇರಿ, ಒಬ್ಬ ವ್ಯಕ್ತಿ ಯಾರು ಬೇಕಾದರೂ ತಮ್ಮದೇ ಸರ್ವರನ್ನು ನಡೆಸಬಹುದಾಗಿದ್ದು, ಜಿಮೇಲ್‌ನಿಂದ ಯಾಹೂಗೆ ಇಮೇಲ್ ಹೋಗುವ ಹಾಗೆ ಒಂದು ಸರ್ವರಿನವರು ಇನ್ನೊಂದರವರೊಂದಿಗೆ ಮಾತಾಡಬಹುದು. ಎಲಿಮೆಂಟ್ ಎಂಬುದು ಇದನ್ನು ಬಳಸಲು ಇರುವ ಆ್ಯಪುಗಳಲ್ಲಿ ಒಂದು. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗಾಗಿ ನಡೆಸುವ ಚಾಪ್ ಎಂಬ ಸೇವೆಯೂ ಜರ್ಮನಿಯ ಸೇನೆಯ ಸಂದೇಶ ಸೇವೆಯೂ ಇದೇ ಮ್ಯಾಟ್ರಿಕ್ಸಿನ ಮೇಲೆ ನಿಂತಿವೆ. ಬ್ರಯಾರ್ ಎಂಬ ಇನ್ನೊಂದು ಆ್ಯಪ್ ಇನ್ನೂ ಮುಂದೆ ಹೋಗಿ ಸರ್ವರನ್ನೇ ಬಿಟ್ಟುಬಿಟ್ಟಿದೆ: ಇಂಟರ್ನೆಟ್ ಇದ್ದಾಗ ಗುರುತು ಮರೆಸುವ ಟಾರ್ ಜಾಲದ ಮೂಲಕ, ಇಲ್ಲದಾಗ ಬ್ಲೂಟೂತ್ ಅಥವಾ ವೈಫೈ ಮೂಲಕ ಸಂದೇಶ ನೇರವಾಗಿ ಫೋನಿನಿಂದ ಫೋನಿಗೆ ಸಾಗುತ್ತದೆ. ನಡುವಿನವರನ್ನು ನಂಬದೆ ಸುದ್ದಿ ಮುಟ್ಟಿಸುವ ಪ್ರಯತ್ನ ಸುಳ್ಯದ ಸೀಮೆಗೆ ಹೊಸದಲ್ಲ. ಬ್ರಿಟಿಷರ ವಿರುದ್ಧ ನಡೆದ 1837ರ ಅಮರ ಸುಳ್ಯ ಹೋರಾಟದ ಕಾಲದಲ್ಲಿ ಅದರ ನಾಯಕ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ನಿರೂಪಗಳು ಊರೂರು ಮುಟ್ಟಿದ್ದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಟಪಾಲನ್ನು ನೆಚ್ಚಿಕೊಂಡಲ್ಲ.

ಮಧ್ಯಸ್ಥನಿಲ್ಲದ ವ್ಯವಸ್ಥೆ ಏಕೆ ಬೇಕು ಎಂಬುದಕ್ಕೆ ದಕ್ಷಿಣ ಕನ್ನಡದ ಇತ್ತೀಚಿನ ನೆನಪೊಂದು ಸಾಕು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರ್ ನಡೆದ ರಾತ್ರಿಯಿಂದ ರಾಜ್ಯ ಸರ್ಕಾರ 48 ಗಂಟೆಗಳ ಕಾಲ ಮೊಬೈಲ್ ಇಂಟರ್ನೆಟ್ಟನ್ನು ನಿಲ್ಲಿಸಿತು. ಆ ಆದೇಶ ನಗರಕ್ಕೆ ಸೀಮಿತವಾಗದೆ ಇಡೀ ಜಿಲ್ಲೆಗೆ ಅನ್ವಯಿಸಿದ್ದರಿಂದ, ಗಲಭೆಯ ಸುಳಿವೂ ಇಲ್ಲದ ಗ್ರಾಮಗಳ ಜನರಿಗೂ ಮಾತಿನ ದಾರಿ ಮುಚ್ಚಿತು. ಹಾಗೆಂದು ಬ್ರಯಾರ್‌ನಂಥ ಆ್ಯಪು ಎಲ್ಲ ಕಡೆಯೂ ಪರಿಹಾರವಾಗುತ್ತದೆ ಎಂದು ಹೇಳುವುದು ಸರಿಯಲ್ಲ. ಮನೆಗಳು ಒತ್ತೊತ್ತಾಗಿರುವ ನಗರದ ಬೀದಿಯಲ್ಲಿ ಬ್ಲೂಟೂತಿನ ಕೆಲವೇ ಮೀಟರುಗಳ ವ್ಯಾಪ್ತಿಗೆ ಅರ್ಥವಿದೆ. ಒಂದೊಂದು ಮನೆ ಒಂದೊಂದು ಅಡಿಕೆ ತೋಟದ ನಡುವೆ ಇರುವ, ಗುಡ್ಡ ಹತ್ತಿದರಷ್ಟೇ ರೇಂಜ್ ಸಿಗುವ ಸುಳ್ಯದ ಕಡೆಯ ಊರುಗಳಲ್ಲಿ ಆ ಸಂದೇಶ ಪಕ್ಕದ ತೋಟವನ್ನೂ ದಾಟದು. ಅಲ್ಲದೆ ಇವು ಬಳಸಲು ಸ್ವಲ್ಪ ಕಷ್ಟ, ಬಳಸುವವರು ಕಡಿಮೆ, ಫೋನ್ ಕಳೆದರೆ ಸಂದೇಶಗಳೂ ಕಳೆದಂತೆ. ಅವುಗಳ ನಿಜವಾದ ಬೆಲೆ ಇರುವುದು ಒಬ್ಬ ಅಧಿಕಾರಿಯ ಅಥವಾ ಒಂದು ಕಂಪನಿಯ ತೀರ್ಮಾನದಿಂದ ಎಲ್ಲರ ಮಾತೂ ಒಮ್ಮೆಲೇ ನಿಲ್ಲಲಾರದು, ಎಲ್ಲರ ಮಾತೂ ಒಮ್ಮೆಲೇ ತೆರೆಯಲಾರದು ಎಂಬುದರಲ್ಲಿ.

ಸರ್ಕಾರಗಳಿಗೆ ತೊಡಕಾಗಿ ಕಾಣುವುದೂ ಇದೇ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎಲಿಮೆಂಟ್, ಬ್ರಯಾರ್, ತ್ರೀಮಾ, ವಿಕರ್ ಮಿ ಸೇರಿದಂತೆ 14 ಆ್ಯಪುಗಳನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ನಿರ್ಬಂಧಿಸಿದ ಸುದ್ದಿ ಹೊರಬಂತು. ಜಮ್ಮು ಮತ್ತು ಕಾಶ್ಮೀರದಲ್ಲಿ ಉಗ್ರರು ತಮ್ಮ ಬೆಂಬಲಿಗರೊಂದಿಗೆ ಮಾತಾಡಲು ಇವುಗಳನ್ನು ಬಳಸುತ್ತಿದ್ದರು ಎಂಬುದು ಕಾರಣವಾಗಿತ್ತು. ಈ ಕಲಮಿನಡಿ ಹೊರಡುವ ಆದೇಶಗಳನ್ನು ಗುಟ್ಟಾಗಿಡಬೇಕೆಂದು 2009ರ ನಿಯಮಗಳೇ ಹೇಳುವುದರಿಂದ, ಯಾವ ಆ್ಯಪಿನ ಮೇಲೆ ಯಾವ ಆಧಾರವಿತ್ತೆಂದು ತೂಗಿ ನೋಡುವ ಅವಕಾಶ ಸಾಮಾನ್ಯ ಬಳಕೆದಾರನಿಗೆ ದೊರೆಯುವುದಿಲ್ಲ. ಆದೇಶದ ಪರಿಣಾಮವಾದರೂ ಏನು? ಮ್ಯಾಟ್ರಿಕ್ಸಿಗೆ ಒಂದೇ ಬಾಗಿಲಿಲ್ಲ, ಬ್ರಯಾರಿಗೆ ಬಾಗಿಲೇ ಇಲ್ಲ. ಎರಡರ ಮೂಲ ಸಂಕೇತವೂ, ಅಂದರೆ ಆ್ಯಪನ್ನು ಕಟ್ಟಿದ ಪ್ರೋಗ್ರಾಮಿನ ಪೂರ್ಣ ಪಾಠವೂ ಸಾರ್ವಜನಿಕವಾಗಿರುವುದರಿಂದ ತಂತ್ರ ಬಲ್ಲವರು ಅದನ್ನು ಬೇರೆ ಹೆಸರಿನಲ್ಲಿ ಮತ್ತೆ ಕಟ್ಟಿಕೊಳ್ಳಬಲ್ಲರು. ಪ್ಲೇಸ್ಟೋರಿನಿಂದ ಇಳಿಸಿಕೊಂಡು ನಿಯಮದಂತೆ ಬಳಸುತ್ತಿದ್ದ ವಿದ್ಯಾರ್ಥಿಗೆ, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತನಿಗೆ ಅದು ತಪ್ಪುತ್ತದೆ, ಕಾಡಿನಲ್ಲಿ ಅಡಗಿರುವ ಉಗ್ರನಿಗೆ ತಪ್ಪುವುದಿಲ್ಲ.

ಒತ್ತಡ ಹೇರುವವರ ಕಾರಣಗಳನ್ನು ಹಗುರವಾಗಿ ನೋಡಬಾರದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಯುವ ಸಾಫ್ಟ್‌ವೇರ್ ಇಂಜಿನಿಯರನ್ನು ಮಕ್ಕಳ ಕಳ್ಳನೆಂದು ಶಂಕಿಸಿದ ಗುಂಪು ಹೊಡೆದು ಕೊಂದಿತು. ಆತ ಮತ್ತು ಸಂಗಡಿಗರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಅಪಹರಣದ ಸುದ್ದಿಯಾಗಿ ಹರಡಿ, ಅವರ ಕಾರು ಮುಂದಿನ ಊರು ಮುಟ್ಟುವ ಹೊತ್ತಿಗೆ ಅಲ್ಲಿ ಜನ ಸೇರಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಇಂಥದೇ ವದಂತಿಗೆ ಒಬ್ಬ ವಲಸೆ ಕಾರ್ಮಿಕ ಬಲಿಯಾಗಿದ್ದ. ಬೀದರಿನ ಘಟನೆಯ ಕೆಲವೇ ದಿನಗಳಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ವಾಟ್ಸ್‌ಆ್ಯಪಿಗೆ ಎರಡನೆಯ ನೋಟಿಸು ಕಳುಹಿಸಿ, ವದಂತಿಯನ್ನು ಮೊದಲು ಹಬ್ಬಿಸಿದವರು ಯಾರೆಂದು ಗುರುತಿಸುವ ವ್ಯವಸ್ಥೆ ಬೇಕೆಂದು ಒತ್ತಿ ಹೇಳಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ಕಂಪನಿ ತಂದದ್ದು ಆಗಲೇ. ಇಲ್ಲಿ ಗಮನಿಸಬೇಕಾದ ಅಂಶವೊಂದಿದ್ದು, ಚರ್ಚೆಯ ಗದ್ದಲದಲ್ಲಿ ಅದು ಮರೆಯಾಗುತ್ತದೆ: ಬೀದರಿನ ಪೊಲೀಸರು ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಸೇರಿದಂತೆ ಹಲವರನ್ನು ಬಂಧಿಸಿದರು, ಮತ್ತು ಅದಕ್ಕಾಗಿ ಯಾರ ಎನ್‌ಕ್ರಿಪ್ಷನ್ನನ್ನೂ ಮುರಿಯಬೇಕಾಗಲಿಲ್ಲ. ಸಂದೇಶ ತಲುಪಿದ ನೂರಾರು ಫೋನುಗಳಲ್ಲಿ ಅದು ಓದಬಲ್ಲ ರೂಪದಲ್ಲಿಯೇ ಇತ್ತು.

ಆದರೂ 2021ರ ಫೆಬ್ರುವರಿ 25ರಂದು ಹೊರಬಂದ ಹೊಸ ಮಾಹಿತಿ ತಂತ್ರಜ್ಞಾನ ನಿಯಮಗಳ 4(2)ನೇ ನಿಯಮ, 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಂದೇಶ ಸೇವೆಗಳು ನ್ಯಾಯಾಲಯ ಅಥವಾ ಅಧಿಕೃತ ಪ್ರಾಧಿಕಾರ ಕೇಳಿದಾಗ ಸಂದೇಶದ ಮೊದಲ ಮೂಲವನ್ನು ಗುರುತಿಸಿ ಕೊಡಬೇಕೆಂದು ವಿಧಿಸಿತು. ಸಂದೇಶದ ಒಳಗಿನ ಮಾತು ಬೇಡ, ಮೂಲ ಮಾತ್ರ ಸಾಕು ಎಂಬುದು ಸರ್ಕಾರದ ವಾದ. ಹಾಗೆ ಮಾಡಬೇಕಾದರೆ ಮುಂದೆ ಯಾವ ಸಂದೇಶದ ಬಗ್ಗೆ ಪ್ರಶ್ನೆ ಬರುತ್ತದೆಂದು ತಿಳಿಯದಿರುವುದರಿಂದ, ಕೋಟ್ಯಂತರ ಜನರ ಪ್ರತಿಯೊಂದು ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆಯನ್ನು ಕಟ್ಟಿ, ಅದನ್ನು ಮೊದಲು ಕಳುಹಿಸಿದವರ ಹೆಸರಿನೊಂದಿಗೆ ಕೂಡಿಟ್ಟಿರಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ಸಂದೇಶದಲ್ಲಿ ಒಂದು ಅಕ್ಷರ, ಒಂದು ಚುಕ್ಕೆ ಬದಲಾದರೆ ಗುರುತಿನ ಸಂಖ್ಯೆಯೂ ಬದಲಾಗಿ ಹೊಸ ಮೂಲ ಹುಟ್ಟಿಕೊಳ್ಳುತ್ತದೆ. ವಿದೇಶದಿಂದ ಬಂದುದಾದರೆ ಭಾರತದಲ್ಲಿ ಅದನ್ನು ಮೊದಲು ಮುಂದೂಡಿದ ಅಮಾಯಕನೇ ನಿಯಮದ ಪ್ರಕಾರ ಮೂಲಪುರುಷನಾಗುತ್ತಾನೆ. ಇದೇ ಬೇಡಿಕೆ ಮದ್ರಾಸ್ ಹೈಕೋರ್ಟಿನ ಮುಂದೆ 2019ರಲ್ಲಿ ಚರ್ಚೆಗೆ ಬಂದಾಗ ಐಐಟಿ ಮದ್ರಾಸಿನ ಪ್ರಾಧ್ಯಾಪಕ ವಿ. ಕಾಮಕೋಟಿ ಅದು ಸಾಧ್ಯವೆಂದರೆ, ಐಐಟಿ ಬಾಂಬೆಯ ಪ್ರಾಧ್ಯಾಪಕ ಮನೋಜ್ ಪ್ರಭಾಕರನ್ ಅದು ಉದ್ದೇಶ ಈಡೇರಿಸದೆಂದು ವಾದಿಸಿದ್ದರು. ನಿಯಮವನ್ನು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿನಲ್ಲಿ 2021ರ ಮೇ ತಿಂಗಳಲ್ಲಿ ಪ್ರಶ್ನಿಸಿತು. ಎನ್‌ಕ್ರಿಪ್ಷನ್ ಮುರಿಯಲೇಬೇಕೆಂದಾದರೆ ತಾನು ಭಾರತದಲ್ಲಿ ಉಳಿಯಲಾಗದು ಎಂದು 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಅದೇ ನ್ಯಾಯಾಲಯಕ್ಕೆ ತಿಳಿಸಿದರು. ಮಧ್ಯಸ್ಥನೇ ಇಲ್ಲದ ವ್ಯವಸ್ಥೆಗೆ ಇಂಥ ನಿಯಮವನ್ನು ಅನ್ವಯಿಸುವ ಬಗೆಯೇ ಇಲ್ಲದ್ದರಿಂದ, ಅಂಥವುಗಳ ಮೇಲೆ ಉಳಿಯುವ ಅಸ್ತ್ರ ನಿರ್ಬಂಧವೊಂದೇ.

ಕಾನೂನಿನ ಇತರ ಬೆದರಿಕೆಗಳೂ ಕಡಿಮೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು ಗೂಢಲಿಪಿಯನ್ನು ಬಿಡಿಸಿಕೊಡಲು ಆದೇಶಿಸುವ ಅಧಿಕಾರ ನೀಡಿ, ಒಪ್ಪದವರಿಗೆ 7 ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ. 2023ರ ದೂರಸಂಪರ್ಕ ಕಾಯ್ದೆಯ 20ನೇ ಕಲಮು ಸಂದೇಶಗಳನ್ನು ಅರ್ಥವಾಗುವ ರೂಪದಲ್ಲಿ ಒಪ್ಪಿಸಬೇಕೆನ್ನುತ್ತದೆ. 2015ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿಯ ಕರಡಂತೂ ನಾಗರಿಕರು ತಾವು ಗೂಢಲಿಪಿಯಲ್ಲಿ ಕಳುಹಿಸಿದ್ದರ ಸಾದಾ ಪ್ರತಿಯನ್ನು 90 ದಿನ ಕಾಪಾಡಿಟ್ಟಿರಬೇಕೆಂದು ಹೇಳಿ, ಟೀಕೆಯ ಸುರಿಮಳೆಗೆ ಸಿಕ್ಕಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು.

ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಪ್ರೋಟಾನ್ ಮೇಲ್ ಪ್ರಕರಣ ಈ ಸಂಕಟದ ಇನ್ನೊಂದು ಮುಖವನ್ನು ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಈ ಗೂಢಲಿಪಿ ಇಮೇಲ್ ಸೇವೆಯ ವಿಳಾಸಗಳಿಂದ ವಿನ್ಯಾಸ ಸಂಸ್ಥೆಯೊಂದರ ಮಹಿಳಾ ನೌಕರರ ಬಗ್ಗೆ ಅಶ್ಲೀಲ ಬರಹಗಳೂ ಕೃತಕ ಬುದ್ಧಿಮತ್ತೆಯಿಂದ ತಿರುಚಿದ ಚಿತ್ರಗಳೂ ಹರಿದಾಡಿದವು; ಕಳುಹಿಸಿದವರು ಪತ್ತೆಯಾಗದೆ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಪ್ರೋಟಾನ್ ಮೇಲ್ ಸೇವೆಯನ್ನು ನಿರ್ಬಂಧಿಸುವ ಪ್ರಕ್ರಿಯೆಯನ್ನು 69ಎ ಕಲಮಿನಡಿ ಆರಂಭಿಸುವಂತೆಯೂ ಅದು ಮುಗಿಯುವವರೆಗೆ ಆಕ್ಷೇಪಾರ್ಹ ಕೊಂಡಿಗಳನ್ನು ಕೂಡಲೇ ತಡೆಯುವಂತೆಯೂ ಕೇಂದ್ರ ಸರ್ಕಾರಕ್ಕೆ ಆದೇಶಿಸಿದರು. ಆ ಮಹಿಳೆಯರ ನೋವು ನಿಜವಾದದ್ದು, ಅವರಿಗೆ ರಕ್ಷಣೆ ಕೊಡಲಾಗದ ವ್ಯವಸ್ಥೆಯನ್ನು ಸಮರ್ಥಿಸುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಅಪರಾಧಿಯನ್ನು ಹಿಡಿಯಲಾಗದ್ದಕ್ಕೆ ಸೇವೆಯನ್ನೇ ಮುಚ್ಚಿದರೆ ಅಪರಾಧಿ ಇನ್ನೊಂದು ಸೇವೆಗೆ ಹೋಗುತ್ತಾನೆ, ಅದೇ ಸೇವೆಯನ್ನು ನಂಬಿದ್ದ ಪತ್ರಕರ್ತ, ವಕೀಲ, ಗಂಡನ ಹಿಂಸೆಯಿಂದ ತಪ್ಪಿಸಿಕೊಂಡ ಹೆಂಗಸು ಹೊರಗೆ ಉಳಿಯುತ್ತಾರೆ. ಎರಡು ದೇಶಗಳ ಪೊಲೀಸರ ನಡುವಿನ ವಿನಂತಿ ವರ್ಷಗಟ್ಟಲೆ ಕೊಳೆಯದಂತೆ ನೋಡಿಕೊಳ್ಳುವುದೇ ಅಲ್ಲಿ ಆಗಬೇಕಾದ ದುರಸ್ತಿ.

ಸರ್ಕಾರಕ್ಕೆ ಮಾತ್ರ ತೆರೆಯುವ ಬಾಗಿಲು ಎಂಬುದು ಇದ್ದರೆ ಏನು ತಪ್ಪು ಎಂಬ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರೂಪುಗೊಂಡು 1889ರವರೆಗೆ ಪ್ರತ್ಯೇಕವಾಗಿ ಉಳಿದ ಮೈಸೂರಿನ ಅಂಚೆ, ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿರುವಂತೆ, ಸುದ್ದಿಯನ್ನು ಸಾಗಿಸುವುದರ ಜೊತೆಗೆ ಅರಮನೆಗೆ ಸುದ್ದಿಯನ್ನು ಒದಗಿಸುವ ಗೂಢಚಾರ ವ್ಯವಸ್ಥೆಯೂ ಆಗಿತ್ತು. ಬ್ರಿಟಿಷರು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1898ರ ಅಂಚೆ ಕಾಯ್ದೆಗಳಲ್ಲಿ ಅದೇ ಅಧಿಕಾರವನ್ನು ಬರಹಕ್ಕಿಳಿಸಿದರು. ಸ್ವತಂತ್ರ ಭಾರತ ಅದನ್ನು ಹಾಗೆಯೇ ಮುಂದುವರಿಸಿತು. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜಕಾರಣಿಗಳ ಮತ್ತಿತರರ ದೂರವಾಣಿಗಳನ್ನು ಕದ್ದು ಕೇಳಿದ ಆರೋಪದ ಹಿನ್ನೆಲೆಯಲ್ಲಿ ರಾಜೀನಾಮೆ ನೀಡಬೇಕಾಯಿತು. 2019ರಲ್ಲಿ ಅಂಥದೇ ಆರೋಪ ಮತ್ತೆ ಎದ್ದು ತನಿಖೆ ಸಿಬಿಐಗೆ ಹೋಯಿತು. 2021ರಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಗೂಢಚಾರ ತಂತ್ರಾಂಶದ ಸಂಭಾವ್ಯ ಗುರಿಗಳೆಂದು ಪತ್ರಿಕೆಗಳು ಪ್ರಕಟಿಸಿದ ಪಟ್ಟಿಯಲ್ಲಿ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆಯೂ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವು. ಪಕ್ಷ ಯಾವುದೇ ಇರಲಿ, ಅಧಿಕಾರದಲ್ಲಿದ್ದವರು ಕೇಳುತ್ತಾರೆಂಬ ಭಯ ಅಧಿಕಾರ ಕಳೆದುಕೊಂಡವರಿಗೆ ಚೆನ್ನಾಗಿ ಗೊತ್ತು.

ಬಾಗಿಲು ಸರ್ಕಾರದ ಕೈಯಲ್ಲಿಯೇ ಉಳಿಯುತ್ತದೆಂಬ ಭರವಸೆಯೂ ಸುಳ್ಳಾಗಿದೆ. ಗ್ರೀಸಿನ ವೊಡಾಫೋನ್ ಜಾಲದಲ್ಲಿ ಪೊಲೀಸರಿಗೆಂದು ಇದ್ದ ಕದ್ದಾಲಿಕೆಯ ಸೌಲಭ್ಯವನ್ನೇ ಬಳಸಿ 2004ರಿಂದ 2005ರವರೆಗೆ ಪ್ರಧಾನಿಯೂ ಸೇರಿದಂತೆ ನೂರಕ್ಕೂ ಹೆಚ್ಚು ಜನರ ಫೋನುಗಳನ್ನು ಆಲಿಸಲಾಗಿತ್ತು. 2024ರಲ್ಲಿ ಸಾಲ್ಟ್ ಟೈಫೂನ್ ಎಂದು ಹೆಸರಿಸಲಾದ ಚೀನಾ ಮೂಲದ ಹ್ಯಾಕರುಗಳು ಅಮೆರಿಕದ ದೂರಸಂಪರ್ಕ ಕಂಪನಿಗಳಿಗೆ ನುಗ್ಗಿ, ನ್ಯಾಯಾಲಯದ ಆದೇಶದಂತೆ ಕದ್ದಾಲಿಸಲು ಇದ್ದ ವ್ಯವಸ್ಥೆಯನ್ನೂ ಮುಟ್ಟಿದರು. ದಶಕಗಳಿಂದ ಹಿಂಬಾಗಿಲು ಕೇಳುತ್ತ ಬಂದಿದ್ದ ಆ ದೇಶದ ಅಧಿಕಾರಿಗಳೇ ಆ ಡಿಸೆಂಬರಿನಲ್ಲಿ, ತುದಿಯಿಂದ ತುದಿಗೆ ಗೂಢಲಿಪೀಕರಿಸಿದ ಆ್ಯಪುಗಳನ್ನು ಬಳಸಿರೆಂದು ಸಲಹೆ ಕೊಡಬೇಕಾಯಿತು. ಕೀಲಿ ಕೇಳುವವನು ಪೊಲೀಸನೋ ಕಳ್ಳನೋ ಎಂದು ತಿಳಿಯುವ ಶಕ್ತಿ ಗಣಿತಕ್ಕಿಲ್ಲ.

ಹಾಗಾದರೆ ತನಿಖೆ ನಡೆಯುವುದು ಹೇಗೆ? ಇದಕ್ಕೆ ತಕ್ಕ ದಾರಿಯ ದೊಡ್ಡ ಭಾಗವನ್ನು ಕರ್ನಾಟಕ ಹೈಕೋರ್ಟೇ 2021ರ ಮಾರ್ಚ್ 12ರ ತೀರ್ಪಿನಲ್ಲಿ ತೋರಿಸಿದೆ. ಬೆಂಗಳೂರಿನ ಮಾದಕವಸ್ತು ಪ್ರಕರಣದ ಆರೋಪಿಯೊಬ್ಬರ ಫೋನು ಮತ್ತು ಇಮೇಲಿನ ಪಾಸ್‌ವರ್ಡ್ ಕೇಳಿದ ಪ್ರಶ್ನೆಯನ್ನು ವಿಚಾರಿಸಿದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ತನಿಖಾಧಿಕಾರಿ ತನ್ನಷ್ಟಕ್ಕೆ ಪಾಸ್‌ವರ್ಡ್‌ಗಾಗಿ ಒತ್ತಾಯಿಸುವಂತಿಲ್ಲ, ತುರ್ತು ಸಂದರ್ಭವನ್ನು ಬಿಟ್ಟರೆ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು ಎಂದು ವಿಧಿಸಿದರು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು ಎಂಬ ಅದೇ ತೀರ್ಪಿನ ನಿಲುವಿನ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಆದರೆ ಅದರ ಮೂಲ ವಿಧಾನ ಸರಿಯಾದದ್ದು. ಶಂಕಿತ ವ್ಯಕ್ತಿಯ ನಿರ್ದಿಷ್ಟ ಫೋನನ್ನು, ನ್ಯಾಯಾಧೀಶರ ಆದೇಶದೊಂದಿಗೆ, ತಜ್ಞರ ನೆರವಿನಿಂದ ತೆರೆದು ನೋಡುವುದಕ್ಕೂ ಯಾರ ಮೇಲೂ ಶಂಕೆಯಿಲ್ಲದಿರುವಾಗಲೇ ಎಲ್ಲರ ಫೋನುಗಳ ಬೀಗವನ್ನು ಸಡಿಲಿಸುವುದಕ್ಕೂ ಇರುವ ಅಂತರವನ್ನು ಅದು ಕಾಪಾಡುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಬೆಳೆದು, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಅದನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದಲ್ಲಿರಬೇಕು ಎಂದು ಹೇಳಿದೆ. ಕೋಟ್ಯಂತರ ಜನರ ಪ್ರತಿ ಸಂದೇಶಕ್ಕೂ ಗುರುತು ಕಟ್ಟುವ ಕ್ರಮ ಈ ಕೊನೆಯ ಪರೀಕ್ಷೆಯಲ್ಲಿ ನಿಲ್ಲಲಾರದು.

ಓದುಗರು ತಾವಾಗಿ ಮಾಡಬಹುದಾದ್ದು ಸ್ವಲ್ಪವಿದೆ. ವಾಟ್ಸ್‌ಆ್ಯಪಿನ ಸಂದೇಶಗಳಿಗೆ ಬೀಗವಿದ್ದರೂ ಗೂಗಲ್ ಡ್ರೈವಿನಲ್ಲಿ ಉಳಿಸುವ ಅವುಗಳ ಪ್ರತಿಗೆ ಅದೇ ಬೀಗ ಬೇಕೆಂದರೆ, ಚಾಟ್ ಬ್ಯಾಕಪ್ ಎಂಬಲ್ಲಿ ಎನ್‌ಕ್ರಿಪ್ಷನ್ ಸೌಲಭ್ಯ ಚಾಲೂ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಇದಕ್ಕಿಂತ ದೊಡ್ಡ ಕೆಲಸ ಸಂಸತ್ತಿನದು. ಭಾರತದಲ್ಲಿ ಇಂದಿಗೂ ಸಂದೇಶ ಅಥವಾ ಕರೆಯನ್ನು ಕದ್ದಾಲಿಸಲು ಅನುಮತಿ ನೀಡುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಆ ಅನುಮತಿ ಸರಿಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಇಡೀ ಸರಪಳಿಯಲ್ಲಿ ಎಲ್ಲಿಯೂ ನ್ಯಾಯಾಧೀಶರಿಲ್ಲ. ಈ ಅಧಿಕಾರವನ್ನು ನ್ಯಾಯಾಲಯಕ್ಕೆ ಒಪ್ಪಿಸುವ, ನಿರ್ಬಂಧದ ಆದೇಶಗಳನ್ನು ಕಾರಣಸಹಿತ ಪ್ರಕಟಿಸುವ ಮತ್ತು 4(2)ನೇ ನಿಯಮವನ್ನು ಹಿಂತೆಗೆಯುವ ತಿದ್ದುಪಡಿಗೆ ಒತ್ತಾಯಿಸಿ, ಓದುಗರು ತಮ್ಮ ಸಂಸದರಿಗೆ ಬರೆಯಬೇಕು.